ಬಾಂಬಿಗೆ ಬಲಿಯಾದ ದುಡಿಯುವ ಜನರನ್ನು ಹುಡುಕಲು ಒಂದು ಉಚಿತ ಪಟ್ಟಿ: ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಸೇವೆಯ ವಿಮರ್ಶೆ

ಎರಡನೇ ಮಹಾಯುದ್ಧದಲ್ಲಿ ಸತ್ತ ಬ್ರಿಟಿಷ್ ಸೈನಿಕನ ಬಗ್ಗೆ ತಿಳಿಯಬೇಕೆಂದರೆ ಹತ್ತು ದಾರಿಗಳಿವೆ. ಅವನಿದ್ದ ದಳದ ದಿನಚರಿ ಇದೆ, ಪದಕದ ದಾಖಲೆ ಇದೆ, ಹೆಸರು ಕೆತ್ತಿದ ಕಲ್ಲು ಇದೆ. ಅದೇ ಯುದ್ಧದಲ್ಲಿ ಲಂಡನ್ನಿನ ಸ್ಟೆಪ್ನಿಯಲ್ಲೋ, ಗ್ಲಾಸ್ಗೋ ಪಕ್ಕದ ಕ್ಲೈಡ್‌ಬ್ಯಾಂಕ್‌ನಲ್ಲೋ ಬಾಡಿಗೆ ಮನೆಯಲ್ಲಿದ್ದು, ಬೆಳಗಾದರೆ ಬಂದರಿಗೋ ಕಾರ್ಖಾನೆಗೋ ಹೋಗುತ್ತಿದ್ದವರು ರಾತ್ರಿ ಬಿದ್ದ ಬಾಂಬಿಗೆ ಸಿಕ್ಕು ಸತ್ತಿದ್ದರೆ? ಅವರಿಗೆ ದಳವೂ ಇಲ್ಲ, ಪದಕವೂ ಇಲ್ಲ. ಎಷ್ಟೋ ಸಲ ಗೋರಿಗೆ ಕಲ್ಲೂ ಇಲ್ಲ. ಅಂಥವರ ಹೆಸರು ಖಂಡಿತ ಇರಬೇಕಾದ ಜಾಗ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಜಾಲತಾಣದಲ್ಲಿರುವ ನಾಗರಿಕ ಮೃತರ ಪಟ್ಟಿ. ನೋಡಲು ಒಂದು ಪೆನ್ನಿಯನ್ನೂ ಕೊಡಬೇಕಿಲ್ಲ. ಇದೇ ಪಟ್ಟಿಯ ಹೆಸರುಗಳನ್ನು ಚಂದಾ ಕಟ್ಟಿಸಿಕೊಂಡು ತೋರಿಸುವ ವಂಶಾವಳಿ ತಾಣಗಳಿವೆ. ಬರೀ ಇದಕ್ಕಾಗಿ ಅಲ್ಲಿ ದುಡ್ಡು ಹಾಕಬೇಡಿ.

ಮೊದಲೇ ನಮ್ಮ ತೀರ್ಪು: ಶುರು ಮಾಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ, ಆದರೆ ಇಲ್ಲಿಗೇ ನಿಲ್ಲಿಸಿದರೆ ಸಿಗುವುದು ಸಾವು ಮಾತ್ರ. ಆ ಮನುಷ್ಯ ಏನು ಕೆಲಸ ಮಾಡುತ್ತಿದ್ದ, ಆ ಹೆಂಗಸು ಯಾವ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದಳು ಎಂಬುದು ಈ ಪಟ್ಟಿಯಲ್ಲಿಲ್ಲ. ಇದು ಕೊಡುವುದು ವಿಳಾಸ. ಆ ವಿಳಾಸ ಹಿಡಿದು ಬದುಕನ್ನು ಹೇಗೆ ಹುಡುಕಬೇಕು, ಎಲ್ಲಿ ದಾರಿ ತಪ್ಪುತ್ತದೆ ಎಂಬುದನ್ನೂ ಸೇರಿಸಿ ಹೇಳದಿದ್ದರೆ ಈ ಸೇವೆಯ ವಿಮರ್ಶೆ ಅರ್ಧವೇ ಆಗುತ್ತದೆ.

ಕಮಿಷನ್ ಹುಟ್ಟಿದ್ದು 1917ರಲ್ಲಿ, ಸೈನಿಕರ ಗೋರಿಗಳನ್ನು ನೋಡಿಕೊಳ್ಳಲು. ನಾಗರಿಕರ ಹೆಸರು ಬರೆದಿಡುವ ಅಧಿಕಾರ ಅದಕ್ಕೆ ಸಿಕ್ಕಿದ್ದು 1941ರಲ್ಲಿ, ಬಾಂಬುಗಳು ಇನ್ನೂ ಬೀಳುತ್ತಿದ್ದಾಗಲೇ. ಹಾಗೆ ಕೂಡಿಸಿದ ಹೆಸರುಗಳು ಸುಮಾರು 67,000. ಇವನ್ನು 7 ಸಂಪುಟಗಳಲ್ಲಿ ಬರೆದು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಇಟ್ಟಿದ್ದಾರೆ. ಜಾಲತಾಣದಲ್ಲಿರುವುದು ಅವೇ ಹೆಸರುಗಳು, ಆಮೇಲಿನ ತಿದ್ದುಪಡಿಗಳೊಂದಿಗೆ. ಬಹುಪಾಲು ಬ್ರಿಟನ್ನಿನೊಳಗೇ ಸತ್ತವರು. ಹಾಂಗ್‌ಕಾಂಗ್, ಮಲಯದಂಥ ಕಡೆ ಜಪಾನೀಯರ ಸೆರೆಯಲ್ಲಿ ತೀರಿಕೊಂಡವರೂ ಸೇರಿದ್ದಾರೆ. ಒಂದು ಮಾತು ಸ್ಪಷ್ಟವಿರಲಿ: ನಾಗರಿಕರ ಗೋರಿಗಳ ಜವಾಬ್ದಾರಿ ಕಮಿಷನ್ನಿನದಲ್ಲ. ಸೈನಿಕನ ದಾಖಲೆಯಲ್ಲಿ ಸ್ಮಶಾನದ ಹೆಸರು ಬರುವ ಜಾಗದಲ್ಲಿ ಇಲ್ಲಿ "ಸ್ಟೆಪ್ನಿ, ಮೆಟ್ರೊಪಾಲಿಟನ್ ಬರೋ", "ವೆಸ್ಟ್ ಹ್ಯಾಮ್, ಕೌಂಟಿ ಬರೋ" ಎಂದಿರುತ್ತದೆ. ಬರೋ ಎಂದರೆ ನಗರದ ಆಡಳಿತ ವಿಭಾಗ. ಅದು ಸಾವನ್ನು ವರದಿ ಮಾಡಿದ ಸ್ಥಳೀಯ ಆಡಳಿತದ ಹೆಸರು, ಹೂಳಿದ ಜಾಗದ್ದಲ್ಲ. ಹೊಸಬರಲ್ಲಿ ಬಹಳ ಮಂದಿ ಇಲ್ಲೇ ಎಡವುತ್ತಾರೆ. ಇಲ್ಲದ ಸ್ಮಶಾನವನ್ನು ಹುಡುಕಿಕೊಂಡು ಹೊರಡುತ್ತಾರೆ.

ಹುಡುಕುವುದು ಹೇಗೆ

ಹುಡುಕಾಟದ ಪುಟದಲ್ಲಿ ಸೇವಾ ವಿಭಾಗ ಕೇಳುವ ಕಡೆ "ಸಿವಿಲಿಯನ್ ವಾರ್ ಡೆಡ್" ಆರಿಸಿ. ಇದನ್ನು ಮರೆತರೆ ಅದೇ ಹೆಸರಿನ ನೂರಾರು ಸೈನಿಕರ ನಡುವೆ ನಿಮ್ಮವರು ಕಳೆದುಹೋಗುತ್ತಾರೆ. ಅಡ್ಡಹೆಸರು ಮಾತ್ರ ಕೊಡಿ. ಮೊದಲ ಹೆಸರನ್ನು ಪೂರ್ತಿ ಕೊಡಬೇಡಿ, ಏಕೆಂದರೆ ಮನೆಯಲ್ಲಿ ಕರೆಯುತ್ತಿದ್ದ ಹೆಸರೂ ಕಾಗದದ ಹೆಸರೂ ಬೇರೆ ಇರುವುದು ಆ ಕಾಲದ ದುಡಿಯುವ ಕುಟುಂಬಗಳಲ್ಲಿ ಸಾಮಾನ್ಯ. ಲಂಡನ್ನಿನ ಪೂರ್ವ ಭಾಗವಾದ ಈಸ್ಟ್ ಎಂಡ್‌ನ ಯಹೂದಿ ಕುಟುಂಬಗಳಲ್ಲಂತೂ ಒಂದೇ ಮನೆತನದ ಹೆಸರಿಗೆ ಮೂರು ಕಾಗುಣಿತ ಕಂಡರೂ ಆಶ್ಚರ್ಯವಿಲ್ಲ. ಹೆಸರಿನಲ್ಲಿ ಸಿಗದಿದ್ದರೆ ಹೆಸರನ್ನು ಬಿಟ್ಟು ದಿನಾಂಕ ಮತ್ತು ಬರೋ ಕೊಡಿ.

ದಿನಾಂಕವನ್ನು ಒಂದೇ ದಿನಕ್ಕೆ ಕಟ್ಟಬೇಡಿ. ದಾಳಿ ನಡೆಯುತ್ತಿದ್ದದ್ದು ರಾತ್ರಿ. ಕೊವೆಂಟ್ರಿಯ ದೊಡ್ಡ ದಾಳಿ 1940ರ ನವೆಂಬರ್ 14ರ ಸಂಜೆ ಶುರುವಾಗಿ 15ರ ಬೆಳಗಿನವರೆಗೆ ನಡೆಯಿತು. ಅಂಥ ದಾಳಿಯಲ್ಲಿ ಅಕ್ಕಪಕ್ಕದ ಮನೆಯವರಿಗೇ ಬೇರೆ ಬೇರೆ ದಿನಾಂಕ ಬಿದ್ದಿರಬಹುದು. ಗಾಯಗೊಂಡು ಆಸ್ಪತ್ರೆ ಸೇರಿದವರು ವಾರಗಟ್ಟಲೆ ಆದಮೇಲೆ ತೀರಿಕೊಂಡಿರುತ್ತಾರೆ. ಆದ್ದರಿಂದ ದಾಳಿಯ ದಿನದಿಂದ ಎರಡು ತಿಂಗಳವರೆಗೆ ಅಂತರ ಕೊಟ್ಟು ನೋಡುವುದು ಒಳ್ಳೆಯದು.

ಈ ಸೇವೆಯ ನಿಜವಾದ ಬಲ ಇರುವುದು "ಅಡಿಷನಲ್ ಇನ್ಫರ್ಮೇಷನ್" ಎಂಬ ಖಾನೆಯಲ್ಲಿ. ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ. ಮನುಷ್ಯರ ಹೆಸರಿನ ಬದಲು ಅಲ್ಲಿ ಬೀದಿಯ ಅಥವಾ ಕಟ್ಟಡದ ಹೆಸರು ಹಾಕಿ ಹುಡುಕಿದರೆ ಆ ಬೀದಿಯಲ್ಲಿ ಸತ್ತವರೆಲ್ಲ ಒಟ್ಟಿಗೆ ಬರುತ್ತಾರೆ. ಉದಾಹರಣೆಗೆ, ಸ್ಟೆಪ್ನಿಯ ವ್ಯಾಲೆನ್ಸ್ ರೋಡಿನ ಹ್ಯೂಸ್ ಮ್ಯಾನ್ಷನ್ಸ್ ಎಂಬ ವಠಾರಕ್ಕೆ 1945ರ ಮಾರ್ಚ್ 27ರ ಬೆಳಗ್ಗೆ ಜರ್ಮನಿಯ ವಿ-2 ರಾಕೆಟ್ ಬಡಿದು 134 ಮಂದಿ ಸತ್ತರು. ವಠಾರದ ಹೆಸರು, ಆ ದಿನಾಂಕ, ಸ್ಟೆಪ್ನಿ ಬರೋ ಇಷ್ಟನ್ನು ಕೊಟ್ಟು ಹುಡುಕಿದರೆ ಒಂದೇ ಅಡ್ಡಹೆಸರು ಸಾಲುಸಾಲಾಗಿ ಬರುತ್ತದೆ: ತಾಯಿ, ಮಕ್ಕಳು, ಅಜ್ಜಿ. ಸ್ಟೋಕ್ ನ್ಯೂಯಿಂಗ್ಟನ್‌ನ ಕೊರೊನೇಷನ್ ಅವೆನ್ಯೂ ಕಟ್ಟಡಕ್ಕೆ 1940ರ ಅಕ್ಟೋಬರ್ 13ರಂದು ಬಾಂಬು ಬಿದ್ದು ನೆಲಮಾಳಿಗೆಯಲ್ಲಿ ಅಡಗಿದ್ದ ಸುಮಾರು 160 ಜನ ಸತ್ತರು. ಅಲ್ಲಿ ನೀರಿನ ಕೊಳವೆಗಳು ಒಡೆದು ನೆಲಮಾಳಿಗೆಗೆ ನೀರು ನುಗ್ಗಿತ್ತು. ಅದಕ್ಕೂ ಇದೇ ದಾರಿ. ಬೀದಿ ಹೆಸರಿನ ಸಂಕ್ಷಿಪ್ತ ರೂಪವನ್ನೂ ಪೂರ್ಣ ರೂಪವನ್ನೂ ಬೇರೆ ಬೇರೆಯಾಗಿ ಹಾಕಿ ನೋಡಿ. ಅದಕ್ಕಿಂತ ಒಳ್ಳೆಯದು "ರೋಡ್", "ಸ್ಟ್ರೀಟ್" ಬಿಟ್ಟು ಮೂಲ ಹೆಸರು ಮಾತ್ರ ಕೊಡುವುದು.

ಫಲಿತಾಂಶದ ಪಟ್ಟಿಯಲ್ಲಿ ಈ ವಿವರದ ಸಾಲು ಕಾಣುವುದಿಲ್ಲ, ಒಂದೊಂದೇ ದಾಖಲೆ ತೆರೆಯಬೇಕು. ಇದು ಸೇವೆಯ ದೊಡ್ಡ ಕೊರತೆ, ಮೊಬೈಲಿನಲ್ಲಿ ನೋಡುವವರಿಗೆ ಇನ್ನೂ ಬೇಸರ. ಆದರೆ ಫಲಿತಾಂಶವನ್ನೆಲ್ಲ ಕೋಷ್ಟಕದ ಕಡತವಾಗಿ ಇಳಿಸಿಕೊಳ್ಳುವ ಅನುಕೂಲವಿದೆ, ಅದರಲ್ಲಿ ವಿವರದ ಸಾಲು ಪೂರ್ತಿ ಬರುತ್ತದೆ. ಒಂದು ಬರೋ, ಒಂದು ತಿಂಗಳು ಎಂದು ಸಣ್ಣದಾಗಿ ಕೇಳಿ ಇಳಿಸಿಕೊಳ್ಳಿ. ಆಮೇಲೆ ವಿವರದ ಸಾಲನ್ನು ಎರಡು ಕಾಲಂ ಮಾಡಿ: ಒಂದರಲ್ಲಿ ಮನೆ, ಇನ್ನೊಂದರಲ್ಲಿ ಸತ್ತ ಜಾಗ. ಸತ್ತ ಜಾಗದ ಪ್ರಕಾರ ಜೋಡಿಸಿದರೆ ಒಂದು ಬಾಂಬು ಯಾರ್ಯಾರ ಮನೆ ಮುರಿಯಿತು ಎಂಬುದು ತಾನಾಗಿಯೇ ಕಾಣುತ್ತದೆ.

ಆ ಒಂದು ಸಾಲನ್ನು ಓದುವುದು

ಸಾಲಿನ ಅಚ್ಚು ಬಹುತೇಕ ಒಂದೇ. ಮನೆಯ ನಂಬರು ಮತ್ತು ಬೀದಿ, ಆಮೇಲೆ ಯಾರ ಮಗ, ಯಾರ ಹೆಂಡತಿ ಎಂಬ ಸಂಬಂಧ, ಕೊನೆಗೆ ಎಲ್ಲಿ ಸತ್ತದ್ದು. ಮನೆಯೂ ಸತ್ತ ಜಾಗವೂ ಒಂದೇ ಆಗಿದ್ದರೆ ಹಾಸಿಗೆಯಲ್ಲೋ, ಮೆಟ್ಟಿಲ ಕೆಳಗೋ, ಬಾಂಬಿನಿಂದ ಅಡಗಲು ಹಿತ್ತಲಿನಲ್ಲಿ ಮಾಡಿಕೊಂಡ ಆಸರೆಯಲ್ಲೋ ಇದ್ದರೆಂದು ಅರ್ಥ. ಮನೆ 10ನೇ ನಂಬರು, ಸತ್ತದ್ದು ಅದೇ ಬೀದಿಯ 14ರಲ್ಲಿ ಎಂದಿದ್ದರೆ ನೆರೆಮನೆಯವರ ಆಸರೆಗೆ ಹೋಗಿದ್ದಿರಬಹುದು. ಇದಕ್ಕೆ ಕಾರಣವಿದೆ. ಆಂಡರ್ಸನ್ ಶೆಲ್ಟರ್ ಎಂಬ ತಗಡಿನ ಆಸರೆಯನ್ನು ವರ್ಷಕ್ಕೆ 250 ಪೌಂಡಿಗಿಂತ ಕಡಿಮೆ ಆದಾಯದವರಿಗೆ ಸರ್ಕಾರ ಉಚಿತವಾಗಿ ಕೊಟ್ಟಿತು. ಅದನ್ನು 4 ಅಡಿ ಆಳಕ್ಕೆ ಹೂತು, ಮೇಲೆ ಕನಿಷ್ಠ 15 ಇಂಚು ಮಣ್ಣು ಹೊದಿಸಬೇಕಿತ್ತು. ಅದಕ್ಕೆ ಹಿತ್ತಲು ಬೇಕು. ಈಸ್ಟ್ ಎಂಡ್‌ನ ವಠಾರಗಳಲ್ಲಿ ಹಿತ್ತಲೆಲ್ಲಿಂದ ಬರಬೇಕು? ಆದಾಯದ ಲೆಕ್ಕದಲ್ಲಿ ಉಚಿತ ಆಸರೆಗೆ ಅರ್ಹರಾದವರಲ್ಲೇ ಅದನ್ನು ಹೂಳಲು ಜಾಗವಿಲ್ಲದವರು ಬಹಳ ಮಂದಿ ಇದ್ದರು.

"ಸ್ಟ್ರೀಟ್ ಶೆಲ್ಟರ್" ಎಂದು ಬಂದರೆ ಬೀದಿಯಲ್ಲಿ ಇಟ್ಟಿಗೆಯಿಂದ ಕಟ್ಟಿದ, ಮೇಲೆ ಕಾಂಕ್ರೀಟ್ ಹಾಸುಗಲ್ಲಿನ ಸಾರ್ವಜನಿಕ ಆಸರೆ. 1940ರಲ್ಲಿ ಸಿಮೆಂಟಿನ ಕೊರತೆಯಿಂದ ಗಾರೆಯ ಬಗ್ಗೆ ಹೊರಟ ಸರ್ಕಾರಿ ಸೂಚನೆ ಗೊಂದಲದ್ದಾಗಿ, ಹಲವು ಕಡೆ ಸಿಮೆಂಟೇ ಇಲ್ಲದ ಸುಣ್ಣದ ಗಾರೆಯಲ್ಲಿ ಗೋಡೆ ಎಬ್ಬಿಸಿದರು. ಹತ್ತಿರ ಬಾಂಬು ಬಿದ್ದ ಹೊಡೆತಕ್ಕೆ ಗೋಡೆ ಸರಿದು, ಹಾಸುಗಲ್ಲು ಒಳಗಿದ್ದವರ ಮೇಲೆ ಕೂತಿತು. ದಾಖಲೆಯಲ್ಲಿ ಇದರ ಸುಳಿವೂ ಇರುವುದಿಲ್ಲ, ಎರಡು ಪದ ಮಾತ್ರ. ಓದುವವರಿಗೆ ಗೊತ್ತಿರಬೇಕು.

ಕಾಲ ಬದಲಾದಂತೆ ಸಾಲಿನ ಸ್ವರೂಪವೂ ಬದಲಾಗುತ್ತದೆ. 1940-41ರ ರಾತ್ರಿ ದಾಳಿಗಳಲ್ಲಿ ಮನೆ, ಸಾವು ಒಂದೇ ಕಡೆ ಇರುವುದು ಹೆಚ್ಚು. 1944-45ರಲ್ಲಿ ವಿ-1 ಎಂಬ ಹಾರುವ ಬಾಂಬುಗಳೂ ವಿ-2 ರಾಕೆಟ್ಟುಗಳೂ ಹಗಲಲ್ಲೂ ಬಿದ್ದವು. ವಿ-2 ಶಬ್ದಕ್ಕಿಂತ ವೇಗವಾಗಿ ಬರುತ್ತಿದ್ದರಿಂದ ಎಚ್ಚರಿಕೆಯ ಸೈರನ್ನೂ ಇರಲಿಲ್ಲ. ಆಗ ಸತ್ತವರು ಕೆಲಸದಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿದ್ದವರು. 1944ರ ನವೆಂಬರ್ 25ರ ಶನಿವಾರ ಮಧ್ಯಾಹ್ನ ನ್ಯೂ ಕ್ರಾಸ್‌ನ ವೂಲ್‌ವರ್ತ್ಸ್ ಅಂಗಡಿಗೆ ರಾಕೆಟ್ ಬಿದ್ದು 168 ಮಂದಿ ಸತ್ತಾಗ ಅಲ್ಲಿದ್ದವರಲ್ಲಿ ಬಹಳಷ್ಟು ಜನ ಸಾಮಾನು ಕೊಳ್ಳಲು ಬಂದ ಹೆಂಗಸರು, ಮಕ್ಕಳು. ಅವರ ದಾಖಲೆಗಳು ಡೆಪ್ಟ್‌ಫರ್ಡ್ ಬರೋದ ಕೆಳಗಿವೆ, ಮನೆ ಬೇರೆ ಬರೋದಲ್ಲಿದ್ದರೂ.

ಇದೇ ದೊಡ್ಡ ಬಲೆ. ಹೆಸರು ದಾಖಲಾಗುವುದು ಸತ್ತ ಜಾಗದ ಆಡಳಿತದ ಕೆಳಗೆ, ವಾಸವಿದ್ದ ಜಾಗದ ಕೆಳಗಲ್ಲ. ವೈಟ್‌ಚಾಪೆಲ್‌ನ ಲಂಡನ್ ಹಾಸ್ಪಿಟಲ್ ಇದ್ದದ್ದು ಸ್ಟೆಪ್ನಿ ಬರೋದಲ್ಲಿ. ಪಾಪ್ಲರಿನಲ್ಲೋ ಬೆತ್ನಲ್ ಗ್ರೀನ್‌ನಲ್ಲೋ ಗಾಯಗೊಂಡು ಅಲ್ಲಿ ಕೊನೆಯುಸಿರೆಳೆದವರು ಸ್ಟೆಪ್ನಿಯ ಪಟ್ಟಿಗೆ ಸೇರುತ್ತಾರೆ. ಊರಿನ ಪಟ್ಟಿಯಲ್ಲಿ ಹೆಸರಿಲ್ಲ ಎಂದು ಕೈಬಿಡುವ ಮೊದಲು ಹತ್ತಿರದ ದೊಡ್ಡ ಆಸ್ಪತ್ರೆ ಯಾವ ಬರೋದಲ್ಲಿತ್ತು ಎಂದು ನೋಡಿ. ಬರೋಗಳು 1965ಕ್ಕೆ ಹಿಂದಿನವು ಎಂಬುದೂ ನೆನಪಿರಲಿ. ಇಂದಿನ ಟವರ್ ಹ್ಯಾಮ್ಲೆಟ್ಸ್ ಅಂದು ಸ್ಟೆಪ್ನಿ, ಪಾಪ್ಲರ್, ಬೆತ್ನಲ್ ಗ್ರೀನ್ ಎಂದು ಮೂರಾಗಿತ್ತು. ನ್ಯೂಹ್ಯಾಮ್‌ನ ಜಾಗದಲ್ಲಿ ವೆಸ್ಟ್ ಹ್ಯಾಮ್, ಈಸ್ಟ್ ಹ್ಯಾಮ್ ಇದ್ದವು.

ಪಟ್ಟಿಯಲ್ಲಿ ಇಲ್ಲದ್ದು

ಉದ್ಯೋಗವಿಲ್ಲ. ಏರ್ ರೇಡ್ ವಾರ್ಡನ್, ಬೆಂಕಿ ಕಾವಲಿನವರು, ಸಹಾಯಕ ಅಗ್ನಿಶಾಮಕ ದಳದವರು, ಪ್ರಥಮ ಚಿಕಿತ್ಸೆಯವರು, ಅವಶೇಷ ಅಗೆಯುವ ರೆಸ್ಕ್ಯೂ ತಂಡದವರು ಆಗಿದ್ದರೆ ಆ ಹುದ್ದೆ ಹೆಸರಿನ ಜೊತೆ ಬರುತ್ತದೆ. ಆದರೆ ಹೊಟ್ಟೆಪಾಡಿನ ಕೆಲಸ ಬರುವುದಿಲ್ಲ. ರೆಸ್ಕ್ಯೂ ತಂಡಗಳಲ್ಲಿ ಬಹುಪಾಲು ಕಟ್ಟಡ ಕೆಲಸದವರೇ ಇದ್ದರು, ಗೋಡೆ ಹೇಗೆ ಬೀಳುತ್ತದೆಂದು ಬಲ್ಲವರು ಅವರೇ ಆದ್ದರಿಂದ. ಆ ಗಾರೆ ಕೆಲಸ, ಬಡಗಿ ಕೆಲಸದ ಮಾತು ದಾಖಲೆಯಲ್ಲಿಲ್ಲ. ಹೆಂಗಸರ ವಿಷಯದಲ್ಲಿ ಇದು ಇನ್ನೂ ನೋವಿನ ಸಂಗತಿ. ಇಪ್ಪತ್ತು ವರ್ಷ ಬೆಂಕಿಪೊಟ್ಟಣದ ಕಾರ್ಖಾನೆಯಲ್ಲಿ ದುಡಿದಿದ್ದರೂ ಆಕೆ ಇಲ್ಲಿ ಯಾರದೋ ಹೆಂಡತಿ, ಯಾರದೋ ಮಗಳು ಮಾತ್ರ. ಕಾಲವೇ ಹಾಗಿತ್ತು: ದಾಳಿಯಲ್ಲಿ ಗಾಯಗೊಂಡ ನಾಗರಿಕರಿಗೆ ಸರ್ಕಾರ ಕೊಡುತ್ತಿದ್ದ ಪರಿಹಾರ ಕೂಡ 1943ರವರೆಗೆ ಹೆಂಗಸರಿಗೆ ಕಡಿಮೆ, ಗಂಡಸರಿಗೆ ಹೆಚ್ಚು.

ಗುರುತು ಸಿಗದವರು ಇನ್ನೊಂದು ಕೊರತೆ. ಇದಕ್ಕೆ ಕಮಿಷನ್ನನ್ನು ದೂರುವುದು ನ್ಯಾಯವಲ್ಲ. ವೆಸ್ಟ್ ಹ್ಯಾಮ್‌ಗೆ ಸೇರಿದ ಕ್ಯಾನಿಂಗ್ ಟೌನ್‌ನ ಸೌತ್ ಹಾಲ್ಸ್‌ವಿಲ್ ಶಾಲೆಯಲ್ಲಿ ಮನೆ ಕಳೆದುಕೊಂಡವರು ಬಸ್ಸಿಗಾಗಿ ದಿನಗಟ್ಟಲೆ ಕಾಯುತ್ತಿದ್ದಾಗ, 1940ರ ಸೆಪ್ಟೆಂಬರ್ 10ರ ನಸುಕಿನಲ್ಲಿ ಬಾಂಬು ಬಿತ್ತು. ಅಧಿಕೃತ ಲೆಕ್ಕ 77. ಸತ್ತವರು ನೂರಾರು ಎಂದು ಅಲ್ಲಿಯವರು ಇಂದಿಗೂ ನಂಬುತ್ತಾರೆ. ಯಾರು ಒಳಗಿದ್ದರೆಂಬ ಹಾಜರಿಯೇ ಇಲ್ಲದ ಕಡೆ ಪಟ್ಟಿ ಪೂರ್ತಿಯಾಗುವುದು ಹೇಗೆ? 1941ರ ಏಪ್ರಿಲ್ 15ರ ರಾತ್ರಿಯ ಬೆಲ್‌ಫಾಸ್ಟ್ ದಾಳಿಯಲ್ಲಿ ಸುಮಾರು 900 ಮಂದಿ ಸತ್ತರು. ಶವಗಳನ್ನು ಸೇಂಟ್ ಜಾರ್ಜ್ಸ್ ಮಾರ್ಕೆಟ್ಟಿನಲ್ಲಿ ಸಾಲಾಗಿ ಮಲಗಿಸಿದ್ದರು. ಯಾರೂ ಗುರುತಿಸದವರನ್ನು, ಮೈಮೇಲೆ ಜಪಮಾಲೆಯೋ ಶಿಲುಬೆಯೋ ಇದೆಯೇ ಎಂದು ನೋಡಿ, ಕ್ಯಾಥೊಲಿಕರೆಂದು ಕಂಡವರನ್ನು ಮಿಲ್‌ಟೌನ್‌ನಲ್ಲೂ ಉಳಿದವರನ್ನು ಸಿಟಿ ಸೆಮೆಟರಿಯಲ್ಲೂ ಹೂಳಿದರು.

ಶತ್ರು ವಿಮಾನಕ್ಕೆ ಕಾಣದಂತೆ ದೀಪ ಆರಿಸುವ ಕತ್ತಲೆ ನಿಯಮದ ಬೀದಿಗಳಲ್ಲಿ ಬಸ್ಸಿಗೆ ಸಿಕ್ಕು ಸತ್ತವರನ್ನೂ ಇಲ್ಲಿ ಹುಡುಕಬೇಡಿ. ಶತ್ರುವಿನ ದಾಳಿಯಿಂದಾದ ಸಾವು ಎಂಬುದೇ ಪಟ್ಟಿಯ ಗೆರೆ. ಹೋಮ್ ಗಾರ್ಡ್ ಎಂಬ ಸ್ಥಳೀಯ ರಕ್ಷಣಾ ಪಡೆಯಲ್ಲಿದ್ದು ಕರ್ತವ್ಯದ ಮೇಲಿದ್ದಾಗ ಸತ್ತವರು ಸೈನಿಕರ ಕಡೆ ಸಿಗುತ್ತಾರೆ, ಮನೆಯಲ್ಲಿದ್ದಾಗ ಸತ್ತವರು ನಾಗರಿಕರ ಕಡೆ.

ವಿಳಾಸದಿಂದ ಬದುಕಿಗೆ

ಇಲ್ಲಿಂದ ಮುಂದೆ ಹಿಡಿಯಬೇಕಾದ್ದು 1939ರ ರಿಜಿಸ್ಟರ್. ಯುದ್ಧ ಶುರುವಾಗಿ ನಾಲ್ಕು ವಾರಕ್ಕೆ, ಸೆಪ್ಟೆಂಬರ್ 29ರಂದು, ಗುರುತಿನ ಚೀಟಿ ಮತ್ತು ಪಡಿತರಕ್ಕಾಗಿ ಮನೆಮನೆಯ ಲೆಕ್ಕ ತೆಗೆದರು. 1931ರ ಇಂಗ್ಲೆಂಡ್-ವೇಲ್ಸ್ ಜನಗಣತಿಯ ಹಾಳೆಗಳು 1942ರಲ್ಲಿ ಬೆಂಕಿಗೆ ಆಹುತಿಯಾದವು, 1941ರಲ್ಲಿ ಗಣತಿಯೇ ನಡೆಯಲಿಲ್ಲ. ಹಾಗಾಗಿ 1921ರಿಂದ 1951ರವರೆಗಿನ ಮೂವತ್ತು ವರ್ಷಕ್ಕೆ ಉಳಿದದ್ದು ಇದೊಂದೇ. ಹುಟ್ಟಿದ ದಿನಾಂಕ, ಮದುವೆಯಾಗಿದೆಯೇ, ಏನು ಕೆಲಸ ಎಂಬುದು ಇದರಲ್ಲಿದೆ. ಫೈಂಡ್‌ಮೈಪಾಸ್ಟ್, ಆನ್ಸೆಸ್ಟ್ರಿ ಎರಡರಲ್ಲೂ ಚಂದಾ ಕಟ್ಟಿ ನೋಡಬಹುದು. ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ಗೆ ಖುದ್ದಾಗಿ ಹೋದರೆ ಅಲ್ಲಿನ ಕಂಪ್ಯೂಟರುಗಳಲ್ಲಿ ಉಚಿತ.

ಕೆಲಸದ ಕಾಲಂನಲ್ಲಿ "ಡಾಕ್ ಲೇಬರರ್, ಹೆವಿ ವರ್ಕರ್" ಎಂದು ಕಂಡರೆ ಎರಡನೆಯ ಭಾಗ ಹುದ್ದೆಯಲ್ಲ. ಮೈಮುರಿದು ದುಡಿಯುವವರಿಗೆ ಹೆಚ್ಚಿನ ಪಡಿತರ ಸಿಗಬಹುದೆಂಬ ನಿರೀಕ್ಷೆಯಲ್ಲಿ ಸೇರಿಸಿದ ಮಾತು. "ಡಾಕ್ ಲೇಬರರ್" ಎಂದರೆ ದಿನಾ ಕೆಲಸವಿತ್ತು ಎಂದೂ ಅಲ್ಲ. ಬಂದರಿನ ಗೇಟಿನ ಮುಂದೆ ಗುಂಪುಗೂಡಿ ನಿಂತು, ಕರೆದರೆ ಅರ್ಧ ದಿನದ ಕೂಲಿ, ಕರೆಯದಿದ್ದರೆ ಬರಿಗೈ. ಮನೆಯ ಹೆಂಗಸರ ಎದುರು "ಅನ್‌ಪೇಯ್ಡ್ ಡೊಮೆಸ್ಟಿಕ್ ಡ್ಯೂಟೀಸ್" ಎಂದಿರುತ್ತದೆ. ಅದನ್ನು ನೋಡಿ ಆಕೆಗೆ ಸಂಪಾದನೆಯೇ ಇರಲಿಲ್ಲ ಎಂದು ತೀರ್ಮಾನಿಸಬೇಡಿ. ಮನೆಯಲ್ಲೇ ಕೂತು ಮಾಡುವ ಹೊಲಿಗೆ, ಬೇರೆಯವರ ಬಟ್ಟೆ ಒಗೆಯುವ ಕೆಲಸ ಈ ಕಾಲಂಗೆ ಬರುತ್ತಲೇ ಇರಲಿಲ್ಲ. ಪುಟದ ಬಲ ಅಂಚಿನಲ್ಲಿ ವಾರ್ಡನ್, ಆಂಬುಲೆನ್ಸ್ ಎಂಬಂಥ ಟಿಪ್ಪಣಿಗಳಿರುತ್ತವೆ. ಅಚ್ಚಿನಲ್ಲಿ ಅರ್ಧ ಮುಚ್ಚಿದ್ದರೂ ಹಿಗ್ಗಿಸಿ ಓದಿ.

ಇಲ್ಲಿ ಎರಡು ಕಡೆ ಕೆಲಸ ಕೆಡುತ್ತದೆ. ಮೊದಲನೆಯದು ವಲಸೆ. 1939ರ ಸೆಪ್ಟೆಂಬರ್ ಮೊದಲ ಮೂರು ದಿನಗಳಲ್ಲಿ ಸುಮಾರು 15 ಲಕ್ಷ ಮಕ್ಕಳು, ತಾಯಂದಿರು ಹಳ್ಳಿಗಳಿಗೆ ಹೋದರು. ಬಾಂಬು ಬೀಳಲಿಲ್ಲವೆಂದು 1940ರ ಆರಂಭದ ಹೊತ್ತಿಗೆ ಬಹಳಷ್ಟು ಜನ ವಾಪಸಾದರು. ರಿಜಿಸ್ಟರಿನಲ್ಲಿ ಅಪ್ಪ ಲಂಡನ್ನಿನ ಮನೆಯಲ್ಲಿ ಒಬ್ಬನೇ, ಹೆಂಡತಿ ಮಕ್ಕಳು ಎಲ್ಲೋ ದೂರದ ಜಿಲ್ಲೆಯಲ್ಲಿ, ವರ್ಷದ ನಂತರ ಎಲ್ಲರ ಸಾವೂ ಲಂಡನ್ನಿನ ಒಂದೇ ಮನೆಯಲ್ಲಿ: ಇದು ಅಪರೂಪವಲ್ಲ. ಎರಡನೆಯದು ಮುಚ್ಚಿದ ಸಾಲುಗಳು. ಹುಟ್ಟಿ 100 ವರ್ಷ ಆಗದವರ ವಿವರವನ್ನು, ಸತ್ತದ್ದು ಗೊತ್ತಿಲ್ಲದಿದ್ದರೆ, ಕಪ್ಪು ಪಟ್ಟಿಯಿಂದ ಮುಚ್ಚಿರುತ್ತಾರೆ. ಬಾಂಬಿಗೆ ಸತ್ತ ಮಕ್ಕಳ ಸಾವನ್ನು ರಿಜಿಸ್ಟರಿನಲ್ಲಿ ಗುರುತಿಸದೇ ಬಿಟ್ಟಿರುವುದು ಉಂಟು. ಹತ್ತನೇ ವಯಸ್ಸಿಗೇ ಸತ್ತ ಮಗು ಕಾಗದದ ಮೇಲೆ ಇನ್ನೂ ಬದುಕಿದೆಯೆಂದು ಲೆಕ್ಕ. ಮರಣ ಪ್ರಮಾಣಪತ್ರ ಒಪ್ಪಿಸಿದರೆ ಆ ಸಾಲನ್ನು ತೆರೆಯುತ್ತಾರೆ. ಕಮಿಷನ್ನಿನ ದಾಖಲೆಯಲ್ಲಿರುವ ದಿನಾಂಕ ಈ ಪ್ರಮಾಣಪತ್ರ ಹುಡುಕಲು ನೇರವಾಗಿ ಸಹಾಯ ಮಾಡುತ್ತದೆ.

ಪ್ರಮಾಣಪತ್ರಕ್ಕೆ ಇಂಗ್ಲೆಂಡ್-ವೇಲ್ಸ್‌ಗೆ ಜನರಲ್ ರಿಜಿಸ್ಟರ್ ಆಫೀಸ್. ಸಾವಿನ ಕಾರಣದ ಜಾಗದಲ್ಲಿ "ಡ್ಯೂ ಟು ವಾರ್ ಆಪರೇಷನ್ಸ್" ಎಂಬ ಸಿದ್ಧ ಮಾತು ಇರುತ್ತದೆ, ಅದರಿಂದ ಹೆಚ್ಚೇನೂ ತಿಳಿಯದು. ಇದಕ್ಕೆ ಹಣ ಕೊಡುವುದು ಕಾರಣಕ್ಕಾಗಿ ಅಲ್ಲ, ಉದ್ಯೋಗದ ಕಾಲಂಗಾಗಿ. ಗಂಡಸಾದರೆ ಅವನ ಕೆಲಸ, ಹೆಂಡತಿಯಾದರೆ ಗಂಡನ ಹೆಸರು ಮತ್ತು ಕೆಲಸ, ಮಗುವಾದರೆ ಅಪ್ಪನ ಕೆಲಸ. ಇಡೀ ಕುಟುಂಬ ಸತ್ತಿದ್ದರೆ ಎಲ್ಲರ ಪ್ರಮಾಣಪತ್ರ ತರಿಸಬೇಕಿಲ್ಲ, ಅಪ್ಪನದು ಒಂದು ಸಾಕು. ಹೊರಗೆ ದುಡಿಯುತ್ತಿದ್ದ ಮದುವೆಯಾಗದ ಮಗಳಿದ್ದರೆ ಆಕೆಯದನ್ನೂ ತರಿಸಿ. ಆ ಆಫೀಸಿನ ಮರಣ ಸೂಚಿ ಮೂರು ಮೂರು ತಿಂಗಳಿಗೆ ಒಂದರಂತೆ ಇದೆ, ಹುಡುಕುವಾಗ ಮುಂದಿನ ತ್ರೈಮಾಸಿಕಗಳನ್ನೂ ನೋಡಿ. ಅವಶೇಷದಡಿಯಿಂದ ದೇಹ ಸಿಗಲು, ಗುರುತು ಹಿಡಿಯಲು ತಡವಾದಷ್ಟು ನೋಂದಣಿಯೂ ತಡವಾಗಿದೆ. ಸ್ಕಾಟ್ಲೆಂಡಿನವರು ಈ ವಿಷಯದಲ್ಲಿ ಪುಣ್ಯವಂತರು. ಅಲ್ಲಿನ ಮರಣ ದಾಖಲೆಯಲ್ಲಿ ತಂದೆಯ ಉದ್ಯೋಗ, ತಾಯಿಯ ತವರಿನ ಅಡ್ಡಹೆಸರು ಎರಡೂ ಇರುತ್ತವೆ, ಸ್ಕಾಟ್ಲೆಂಡ್ಸ್‌ಪೀಪಲ್ ತಾಣದಲ್ಲಿ ಸ್ವಲ್ಪ ಹಣ ಕೊಟ್ಟರೆ ಚಿತ್ರವೇ ಕಾಣುತ್ತದೆ. 1941ರ ಮಾರ್ಚ್ 13, 14ರ ಎರಡು ರಾತ್ರಿಗಳಲ್ಲಿ 528 ಮಂದಿಯನ್ನು ಕಳೆದುಕೊಂಡ ಕ್ಲೈಡ್‌ಬ್ಯಾಂಕ್‌ನಲ್ಲಿ ಯಾರು ಸಿಂಗರ್ ಹೊಲಿಗೆ ಯಂತ್ರದ ಕಾರ್ಖಾನೆಯವರ ಮಕ್ಕಳು, ಯಾರು ಹಡಗುಕಟ್ಟೆಯವರ ಮಕ್ಕಳು ಎಂದು ಬೇರ್ಪಡಿಸಲು ಇದು ದೊಡ್ಡ ಸಹಾಯ.

1900ಕ್ಕಿಂತ ಮುಂಚೆ ಹುಟ್ಟಿದವರಾದರೆ 1921ರ ಜನಗಣತಿಯನ್ನು ಬಿಡಬೇಡಿ. ಅದರಲ್ಲಿ ಕೆಲಸದ ಜೊತೆಗೆ ಕೆಲಸ ಕೊಟ್ಟವರ ಹೆಸರನ್ನೂ ಕೇಳಿದ್ದರು. ಬರೀ "ಲೇಬರರ್" ಆಗಿದ್ದವನು ಪೋರ್ಟ್ ಆಫ್ ಲಂಡನ್ ಅಥಾರಿಟಿಯ ಕೂಲಿಯೋ, ಬೆಕ್ಟನ್ ಗ್ಯಾಸ್ ಕಾರ್ಖಾನೆಯವನೋ, ಸಿಲ್ವರ್‌ಟೌನ್‌ನ ಸಕ್ಕರೆ ಕಾರ್ಖಾನೆಯವನೋ ಎಂದು ಗೊತ್ತಾಗುವುದು ಇಲ್ಲೇ. ಮದುವೆಗೆ ಮುಂಚಿನ ಹೆಂಗಸರ ದುಡಿಮೆಯೂ ಇಲ್ಲಿ ಕಾರ್ಖಾನೆಯ ಹೆಸರಿನ ಸಮೇತ ಸಿಗುತ್ತದೆ. ಕಮಿಷನ್ನಿನ ಸಾಲಿನಲ್ಲಿ ಯಾರದೋ ಹೆಂಡತಿಯಾಗಿ ಉಳಿದವಳಿಗೆ ಅವಳದೇ ಕೆಲಸ ಮರಳಿ ಸಿಗುವ ಜಾಗ ಇದು. ನಮ್ಮ ಮಟ್ಟಿಗೆ ಇಡೀ ಹುಡುಕಾಟದಲ್ಲಿ ಅತಿ ಬೆಲೆಯುಳ್ಳ ಹಾಳೆ ಇದೇ. ಹುಡುಕುವಾಗ ಆಕೆಯ ತವರಿನ ಅಡ್ಡಹೆಸರು ಬೇಕು, ಅದಕ್ಕೆ ಮದುವೆಯ ಸೂಚಿ ನೋಡಿ. ಒಂದು ತೊಡಕು: ಲಂಡನ್ ಕೌಂಟಿ ಕೌನ್ಸಿಲ್ 1930ರ ದಶಕದಲ್ಲಿ ಒಂದೇ ಹೆಸರಿನ ಹಲವು ಬೀದಿಗಳಿಗೆ ಹೊಸ ಹೆಸರಿಟ್ಟಿತು. 1921ರ ಬೀದಿ 1940ರಲ್ಲಿ ಬೇರೆ ಹೆಸರಲ್ಲಿದ್ದರೆ ಕುಟುಂಬ ಮನೆ ಬದಲಿಸಿದೆ ಎಂದುಕೊಳ್ಳಬೇಡಿ.

ಮತದಾರರ ಪಟ್ಟಿ 1939ಕ್ಕೆ ನಿಂತು 1945ಕ್ಕೆ ಮತ್ತೆ ಶುರುವಾಗುವುದರಿಂದ ನಡುವಿನ ವರ್ಷಗಳಿಗೆ ಪ್ರಯೋಜನವಿಲ್ಲ. ಪತ್ರಿಕೆಗಳಲ್ಲೂ ಸೆನ್ಸಾರ್ ಕಾರಣಕ್ಕೆ ಎಷ್ಟೋ ಸಲ ಊರಿನ ಹೆಸರೇ ಇರುತ್ತಿರಲಿಲ್ಲ. ಸುಮಾರು 1,200 ಜನರನ್ನು ಕಳೆದುಕೊಂಡ ಹಲ್ ನಗರ ಸುದ್ದಿಯಲ್ಲಿ "ಈಶಾನ್ಯ ಕರಾವಳಿಯ ಒಂದು ಪಟ್ಟಣ" ಮಾತ್ರವಾಗಿತ್ತು. ಸ್ಥಳೀಯ ಪತ್ರಿಕೆಯ ಮರಣ ಪ್ರಕಟಣೆಗಳ ಕಾಲಂ, ಮರುವರ್ಷ ಅದೇ ದಿನಾಂಕದ ಸ್ಮರಣೆಯ ಕಾಲಂ ಇವೆರಡನ್ನು ನೋಡಿದರೆ ಏನಾದರೂ ಸಿಕ್ಕೀತು.

ಬಾಂಬು ಎಲ್ಲಿ ಬಿತ್ತೆಂದು ನೋಡಲು ಲಂಡನ್ ಕೌಂಟಿ ಕೌನ್ಸಿಲ್ಲಿನ ಹಾನಿ ನಕ್ಷೆಗಳಿವೆ. ಮನೆಮನೆಗೂ ಬಣ್ಣ ಹಚ್ಚಿದ್ದಾರೆ: ಕಪ್ಪೆಂದರೆ ನಿರ್ನಾಮ, ನೇರಳೆಯೆಂದರೆ ದುರಸ್ತಿಗೆ ಮೀರಿದ್ದು, ಕೆಂಪಿನ ಎರಡು ಛಾಯೆಗಳು ಗಂಭೀರ ಹಾನಿ, ಕಿತ್ತಳೆ, ಹಳದಿ ಕಡಿಮೆ ಹಾನಿ. ದೊಡ್ಡ ವೃತ್ತ ವಿ-1, ಸಣ್ಣ ವೃತ್ತ ವಿ-2. ಆದರೆ ವೆಸ್ಟ್ ಹ್ಯಾಮ್ ಆಗ ಎಸೆಕ್ಸ್‌ಗೆ ಸೇರಿತ್ತು, ಈ ನಕ್ಷೆಗಳ ವ್ಯಾಪ್ತಿಗೆ ಬರುವುದಿಲ್ಲ. ಕ್ಯಾನಿಂಗ್ ಟೌನ್, ಸಿಲ್ವರ್‌ಟೌನ್‌ನವರನ್ನು ಹುಡುಕುವವರು ಇವನ್ನು ನೆಚ್ಚಿಕೊಳ್ಳಬೇಡಿ. ಬಾಂಬ್ ಸೈಟ್ ಎಂಬ ಉಚಿತ ತಾಣದ ನಕ್ಷೆ 1940ರ ಅಕ್ಟೋಬರ್ 7ರಿಂದ 1941ರ ಜೂನ್ 6ರವರೆಗಿನ ಬಾಂಬು ಗಣತಿಯನ್ನು ತೋರಿಸುತ್ತದೆ. ಒಂದು ಚುಕ್ಕೆ ಇಂಥ ಮನೆಯನ್ನೇ ಕೆಡವಿತು ಎಂದು ಅದರಿಂದ ಹೇಳಲಾಗದು, ಹತ್ತಿರ ಬಿತ್ತೆನ್ನಬಹುದು ಅಷ್ಟೆ. ಯುದ್ಧಾನಂತರ ಬೀದಿಯೇ ಮಾಯವಾಗಿದ್ದರೆ ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್ ತಾಣದಲ್ಲಿ ಹಳೆಯ ಆರ್ಡ್ನೆನ್ಸ್ ಸರ್ವೆ ನಕ್ಷೆಯನ್ನೂ ಇಂದಿನದನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು, ಉಚಿತವಾಗಿ.

ಗೋರಿ ಹುಡುಕಬೇಕಾದರೆ ಕಮಿಷನ್ನನ್ನು ಬಿಟ್ಟು ಸ್ಥಳೀಯ ಆಡಳಿತದ ಸ್ಮಶಾನ ದಾಖಲೆಗೆ ಹೋಗಬೇಕು. ಕೌನ್ಸಿಲ್ ಖರ್ಚಿನ ಸಾಮೂಹಿಕ ಸಂಸ್ಕಾರವನ್ನು ಬಡ ಕುಟುಂಬಗಳು ಅನಾಥ ಶವದ ಸಂಸ್ಕಾರಕ್ಕೆ ಸಮವೆಂದು ಹೆದರುತ್ತಿದ್ದವು. ಸಾಲ ಮಾಡಿಯಾದರೂ ತಾವೇ ಮಣ್ಣು ಮಾಡಲು ಬಯಸುತ್ತಿದ್ದವು. ಆದ್ದರಿಂದ ಸಾಮೂಹಿಕ ಗೋರಿಯ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅದೇ ಸ್ಮಶಾನದ ಸಾಮಾನ್ಯ ಗೋರಿಗಳ ಪುಸ್ತಕದಲ್ಲಿ, ಸಾವಿನ ನಂತರದ ಎರಡು ಮೂರು ವಾರಗಳ ಪುಟ ತಿರುವಿ. ಕೊವೆಂಟ್ರಿಯಲ್ಲಿ ಮಾತ್ರ ಬೇರೆ ದಾರಿಯಿರಲಿಲ್ಲ. ಒಂದೇ ರಾತ್ರಿ 568 ಮಂದಿ ಸತ್ತ ಆ ಊರಿನಲ್ಲಿ ನವೆಂಬರ್ 20 ಮತ್ತು 23ರಂದು ಲಂಡನ್ ರೋಡ್ ಸ್ಮಶಾನದಲ್ಲಿ ಒಟ್ಟಾಗಿ ಮಣ್ಣು ಮಾಡಿದರು.

ದಾಖಲೆಯಲ್ಲಿ ತಪ್ಪು ಕಂಡರೆ, ಅಥವಾ ಇರಬೇಕಾದವರ ಹೆಸರೇ ಇಲ್ಲದಿದ್ದರೆ, ಕಮಿಷನ್‌ಗೆ ಬರೆಯಬಹುದು. ಮನೆಯಲ್ಲಿ ಹೇಳುತ್ತಿದ್ದರು ಎಂಬ ಮಾತು ಅಲ್ಲಿ ಸಾಲದು, ಆ ಕಾಲದ ಕಾಗದ ಬೇಕು. ಮರಣ ಪ್ರಮಾಣಪತ್ರದ ಪ್ರತಿ, ಹೆಸರಿನ ಕಾಗುಣಿತಕ್ಕಾದರೆ ಜನನ ಅಥವಾ ಮದುವೆಯ ಪ್ರಮಾಣಪತ್ರ, ಇವನ್ನು ಲಗತ್ತಿಸಿ. ಒಂದು ಪತ್ರದಲ್ಲಿ ಒಬ್ಬರ ವಿಷಯ ಮಾತ್ರ ಬರೆಯಿರಿ. ಈಗಿರುವ ಸಾಲು ಹೇಗಿದೆ, ಹೇಗಾಗಬೇಕು ಎಂಬುದನ್ನು ಮೇಲೆ ಕೆಳಗೆ ಬರೆದು ತೋರಿಸಿ, ದಾಖಲೆಯ ಪುಟದ ಕೊಂಡಿಯನ್ನೂ ಸೇರಿಸಿ. ಹೊಸ ಹೆಸರು ಸೇರಿಸಲು ಕೇಳುವ ಮೊದಲು ಆಸ್ಪತ್ರೆ ಇದ್ದ ಬರೋ, ಪಕ್ಕದ ಬರೋಗಳು, ಎರಡನೇ ಕಾಗುಣಿತ, ದಾಳಿಯ ನಂತರದ ಎರಡು ತಿಂಗಳು, ಇಷ್ಟನ್ನು ನೋಡಿ ಮುಗಿಸಿರಿ. ಇಲ್ಲವೆಂದುಕೊಂಡ ಹೆಸರು ಹೆಚ್ಚಾಗಿ ಅಲ್ಲೆಲ್ಲೋ ಇರುತ್ತದೆ.